ವಾಪಸ್ ಬಂದ ಡಬ್ಬಿ

“ಮನಸ್ಸಿಗೆ ನೋವಾದ ಘಟನೆ ನೆನಪಿಸೋ ಒಂದು ವಸ್ತು ತನ್ನಿ ಅಂದಿದ್ದೆ. ಒಬ್ಬೊಬ್ಬರಾಗಿ ಈ ಮೇಜಿನ ಮೇಲಿಡಿ, ಉಸಿರು ಬಿಡಿ. ನೋವೂ ಜೊತೆಗೇ ಹೊರಟುಹೋಗುತ್ತೆ,” ಎಂದಳು ಕುಮುದಾ, ನೋವು ತಾನು ಹೇಳಿದಂತೆ ಕೇಳುತ್ತದೆ ಎಂಬ ಧಾಟಿಯಲ್ಲಿ.

ಅಮೆರಿಕದ ಕ್ಯಾರಲ್ಟನ್ನಿನ ಒಂದು ಸಮುದಾಯ ಭವನದ ಹಿಂದಿನ ಕೋಣೆ. ಕೊರೊನಾ ಶುರುವಾಗಿ ಒಂದು ವರ್ಷ ದಾಟಿತ್ತು. ‘ವೈರಸ್ ತಂದವರು ನೀವೇ’ ಎಂದು ಬೀದಿಯಲ್ಲಿ ಬೈಸಿಕೊಂಡ ಹನ್ನೊಂದು ಮಂದಿ ಚೀನೀ ಹಿರಿಯರು ಸುತ್ತ ಕುಳಿತಿದ್ದರು. ಅವರ ಮನಸ್ಸು ಗಟ್ಟಿ ಮಾಡಿಕೊಡುವ ಹೊಣೆ ಕುಮುದಾಳದು. ಮೈಸೂರಿನವಳು, ಕೆಲಸದಲ್ಲಿ ಸಾಫ್ಟ್‌ವೇರ್ ಟೆಸ್ಟರ್, ಎರಡು ವಾರಾಂತ್ಯದ ಆನ್‌ಲೈನ್ ಕೋರ್ಸ್ ಮುಗಿಸಿದ ಮೇಲೆ ಮನೋಸ್ಥೈರ್ಯದ ತರಬೇತುದಾರಳು. ಇದೊಂದು ಚೆನ್ನಾಗಿ ನಡೆದರೆ ಕಂಪನಿಯ ಈ ವರ್ಷದ ಸೇವಾ ಪ್ರಶಸ್ತಿ ಅವಳಿಗೇ. ಅದಕ್ಕೆಂದೇ ಮೂಲೆಯಲ್ಲಿ ಕಂಪನಿಯ ಫೋಟೊಗ್ರಾಫರ್ ನಿಂತಿದ್ದ.

ಒಬ್ಬ ಅಜ್ಜ ಮುರಿದ ಕನ್ನಡಕ ಇಟ್ಟರು. ಬೇಕರಿ ನಡೆಸುವ ಹೆಂಗಸೊಬ್ಬಳು ಅಂಗಡಿಯ ಒಡೆದ ಗಾಜಿನ ಚೂರು ಇಟ್ಟಳು. ಪ್ರತಿಯೊಬ್ಬರಿಗೂ ಕುಮುದಾ ತಲೆ ಒಂದು ಕಡೆ ವಾಲಿಸಿ, ಕೋರ್ಸಿನಲ್ಲಿ ಹೇಳಿಕೊಟ್ಟಷ್ಟೇ ಹೊತ್ತು ಮೌನವಾಗಿದ್ದು, “ಥ್ಯಾಂಕ್ಯೂ ಫಾರ್ ಶೇರಿಂಗ್” ಎಂದಳು. ಹೂವೆತ್ತಿದಷ್ಟು ಸಲೀಸಾಗಿ ಸಾಗಿತ್ತು.

ಕೊನೆಗೆ ಎದ್ದವರು ಸೂಲಾನ್ ಆಂಟಿ, ಕುಮುದಾಳ ಪಕ್ಕದ ಮನೆಯವರು. ಕಾರ್ಯಕ್ರಮದ ಕರಪತ್ರವನ್ನು ಕುಮುದಾಳೇ ಅವರ ಟಪಾಲು ಪೆಟ್ಟಿಗೆಗೆ ಹಾಕಿ ಬಂದಿದ್ದಳು, ಬೆಲ್ ಮಾತ್ರ ಒತ್ತಿರಲಿಲ್ಲ. ಆಂಟಿ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ ಅಕ್ಷರ: ‘ಕುಮುದಾ’. ಮದುವೆಗೆ ಮುಂಚೆ ಅಮ್ಮ ಪಾತ್ರೆ ಅಂಗಡಿಯಲ್ಲಿ ನಿಂತು ಬರೆಸಿದ್ದು. ಆ ಕೋಣೆಯಲ್ಲಿ ಅದನ್ನು ಓದಬಲ್ಲವಳು ಒಬ್ಬಳೇ.

“ಇದು ನನ್ನ ಗೆಳತಿಯ ಡಬ್ಬಿ,” ಎಂದರು ಆಂಟಿ ನಿಧಾನದ ಇಂಗ್ಲಿಷಿನಲ್ಲಿ, ಯಾರ ಹೆಸರನ್ನೂ ಹೇಳದೆ. “ಹೋದ ವರ್ಷ ಹಬ್ಬಕ್ಕೆ ಎಳ್ಳು ಬೆಲ್ಲ ತುಂಬಿ ಕೊಟ್ಟಿದ್ಲು. ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ಅವಳೇ ಕಲಿಸಿದ್ದು. ಅದೇ ವರ್ಷ ಮಾರ್ಚಿನಲ್ಲಿ ಒಂದಿನ ಪಾರ್ಕಿಂಗ್ ಲಾಟಲ್ಲಿ ಯಾರೋ ನನ್ನ ತಲೆ ಮೇಲೆ ಕೋಲಾ ಸುರಿದ. ಮನೇಲಿ ಒಬ್ಬಳೇ ಇರೋಕಾಗಲಿಲ್ಲ. ಬೆಳಗ್ಗೆ ಮಾಡಿದ್ದ ಎಳ್ಳುಂಡೆ ಇದಕ್ಕೆ ತುಂಬಿಕೊಂಡು ಅವಳ ಮನೆ ಬೆಲ್ ಒತ್ತಿದೆ.”

ಕುಮುದಾಳಿಗೆ ನೆನಪಿತ್ತು. ಬಾಗಿಲ ಕ್ಯಾಮೆರಾದಲ್ಲಿ ಕಂಡ ಒದ್ದೆ ಕೂದಲು. ಸ್ನಾನ ಮಾಡಿ ಬಂದಿದ್ದಾರೆ ಎಂದುಕೊಂಡಿದ್ದಳು, ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಬಾಗಿಲ ಹಿಂದೆಯೇ ನಿಂತು ಬೆಲ್ಲಿನ ಸ್ಪೀಕರಿನಲ್ಲಿ ಹೇಳಿದ್ದಳು: “ಆಂಟಿ, ಡಬ್ಬಿ ನೀವೇ ಇಟ್ಕೊಳ್ಳಿ. ನಮಗೆ ಬೇಡ.” ಅದಕ್ಕೆ ಮುನ್ನೆಚ್ಚರಿಕೆ ಎಂದು ಹೆಸರಿಟ್ಟುಕೊಂಡಿದ್ದಳು. ಅದೇ ಸಂಜೆ ಹದಿನಾಲ್ಕು ಮಂದಿ ಕನ್ನಡದ ಗೆಳೆಯರು ಅವಳ ಮನೆಯಲ್ಲಿ ಬಿಸಿಬೇಳೆಭಾತ್ ಉಂಡು ಹೋಗಿದ್ದರು.

“ಆಮೇಲೆ?” ಎಂದರು ಕನ್ನಡಕದ ಅಜ್ಜ.

“ಆಮೇಲೆ ನಾನು ಯಾರ ಮನೆ ಬೆಲ್ಲೂ ಒತ್ತಿಲ್ಲ. ಕೋಲಾ ಸುರಿದವನ ಮುಖ ಮರೆತೇಹೋಯ್ತು. ಅವನು ಯಾರೋ ಏನೋ.” ಆಂಟಿ ಡಬ್ಬಿಯನ್ನು ಕುಮುದಾಳ ಕಡೆ ಮೆಲ್ಲಗೆ ಸರಿಸಿದರು. “ಇದರಲ್ಲಿರೋ ಎಳ್ಳುಂಡೆ ಇವತ್ತು ಬೆಳಗ್ಗೆ ಮಾಡಿದ್ದು. ಗೆಳತಿ ಸಿಕ್ಕಿದರೆ ಕೊಡೋಣ ಅಂತ. ಖಾಲಿ ಇಲ್ಲ.”

ಫೋಟೊಗ್ರಾಫರ್ ಕ್ಯಾಮೆರಾ ಎತ್ತಿದ. ಕುಮುದಾಳ ಕಣ್ಣು ತುಂಬಿತು. ಇದು ಕೋರ್ಸಿನಲ್ಲಿ ಕಲಿತದ್ದಾಗಿರಲಿಲ್ಲ. ಈಗಲೇ, ಎಲ್ಲರೆದುರಿಗೇ, ಆ ಡಬ್ಬಿ ತೆಗೆದುಕೊಂಡು ಒಂದು ಉಂಡೆ ಬಾಯಿಗೆ ಹಾಕಿಕೊಳ್ಳಬೇಕು ಎಂದುಕೊಂಡು ಎರಡೂ ಕೈ ಚಾಚಿದಳು. ಅವಳಿಗೆ ಗೊತ್ತಾಗುವ ಮೊದಲೇ ಬಲಗೈ ಡಬ್ಬಿಯನ್ನು ದಾಟಿ ಹೋಗಿ, ಪಕ್ಕದಲ್ಲಿದ್ದ ಸ್ಯಾನಿಟೈಸರ್ ಬಾಟಲಿಯನ್ನು ಒತ್ತುತ್ತಿತ್ತು.