ಸರಿಹೋಯ್ತು, ಧನ್ಯವಾದಗಳು

"ನೋಡ್ರಿ ಸಾರ್, ಈ ತೊಂದ್ರೆ ನನಗೊಬ್ಬಳಿಗೇ ಅಲ್ಲ," ಎಂದು ನಯನಾ ಲ್ಯಾಪ್‌ಟಾಪನ್ನು ನಾಗಭೂಷಣ್ ಕಡೆಗೆ ತಿರುಗಿಸಿದಳು. ತನ್ನ ಗುಂಡಿಯನ್ನು ತಾನೇ ತೋಡಿಕೊಂಡದ್ದು ಅಲ್ಲೇ.

ಕಲ್ಯಾಣಮಂಟಪವೊಂದರ ಬುಕಿಂಗ್ ವೆಬ್‌ಸೈಟು ಅದು. ಭಾನುವಾರ ಒತ್ತಿದರೆ ಶನಿವಾರ ಬುಕ್ ಆಗುತ್ತಿತ್ತು. ವೆಬ್‌ಸೈಟು ಕಟ್ಟಲು ಬಳಸುವ ಕ್ವಿಂಬೋ ಎಂಬ ಹೊಚ್ಚಹೊಸ ಫ್ರೇಮ್‌ವರ್ಕಿನಲ್ಲೇ ಮಾಡಬೇಕೆಂದು ಹಟ ಹಿಡಿದವರು ನಾಗಭೂಷಣ್. ಅದನ್ನು ಓದಿ ಕಲಿಯಬೇಕಾದವಳು ದಾವಣಗೆರೆ ಕೆ.ಬಿ. ಬಡಾವಣೆಯ ಅವರ ಆಫೀಸಿಗೆ ಸೇರಿ ಮೂರು ತಿಂಗಳಾಗಿದ್ದ ನಯನಾ. ಕ್ವಿಂಬೋದ ಕೈಪಿಡಿ ಬರೆದ ಪುಣ್ಯಾತ್ಮರು ಪರದೆಯ ಮೇಲೆ 'ನಮಸ್ಕಾರ' ಎಂದು ಮೂಡಿಸುವುದು ಹೇಗೆಂದು ಹನ್ನೆರಡು ಪುಟ ಕೊರೆದಿದ್ದರು. ತಾರೀಖುಗಳ ಅಧ್ಯಾಯದಲ್ಲಿ ಮಾತ್ರ ಒಂದೇ ಸಾಲು: 'ಇದು ನಿಮಗೆ ಸುಲಭವಾಗಿ ತಿಳಿಯುತ್ತದೆ.' ಒಂಬತ್ತು ದಿನವಾದರೂ ಅವಳಿಗೆ ತಿಳಿದಿರಲಿಲ್ಲ. ಕೊನೆಗೆ ಕ್ವಿಂಬೋ ಕಲಿಯುವವರ ಚರ್ಚಾತಾಣದಲ್ಲಿ ಇದೇ ತೊಂದರೆ ಹೇಳಿಕೊಂಡ ಒಂದೇ ಒಂದು ಪ್ರಶ್ನೆ ಸಿಕ್ಕಿತು. ಇಡೀ ಪ್ರಪಂಚದಲ್ಲಿ ಅದನ್ನು ಕೇಳಿದವನು ಪಕ್ಕದ ಹರಿಹರದ ಫರ್ದೀನ್.

ನಾಗಭೂಷಣ್ ಕನ್ನಡಕ ಏರಿಸಿಕೊಂಡು ಕೊನೆಯ ಸಾಲಿನ ತನಕ ಓದಿದರು. ಪ್ರಶ್ನೆಗೆ ಒಬ್ಬರೂ ಉತ್ತರಿಸಿರಲಿಲ್ಲ. ಹನ್ನೊಂದು ದಿನದ ನಂತರ ಅವನೇ ಬರೆದಿದ್ದ: 'ಸರಿಹೋಯ್ತು. ಎಲ್ಲರಿಗೂ ಧನ್ಯವಾದಗಳು.' ಹೇಗೆ ಸರಿಹೋಯಿತು ಎನ್ನುವುದಕ್ಕೆ ಒಂದಕ್ಷರವಿಲ್ಲ.

"ಹರಿಹರದಾಗೆ ಇಂಥವ್ನೊಬ್ಬ ಅದಾನೆ, ನಾನು ನಿನ್ನ ಇಟ್ಕೊಂಡು ಕುಂತೀನಿ," ಎಂದರು ನಾಗಭೂಷಣ್. "ಕೆಳಗೆ ನಂಬರು, ವಿಳಾಸ ಎಲ್ಲಾ ಐತೆ. ಮಧ್ಯಾಹ್ನ ಫೋನ್ ಹಚ್ತೀನಿ. ಸೋಮವಾರ ಮಂಟಪದ ಸರ್ವಮಂಗಳಮ್ಮನೋರು ನೋಡಾಕೆ ಬರ್ತಾರೆ. ಅವ್ನು ಬಂದು ಕುಂತ್ರೆ ನಿಂಗೆ ಇಲ್ಲಿ ಏನ್ ಕೆಲ್ಸ ಐತೆ, ನೀನೇ ಹೇಳವ್ವ."

ನಯನಾ ತಲೆನೋವೆಂದು ಅರ್ಧ ದಿನ ರಜೆ ಹಾಕಿ, ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ, ಸಿಕ್ಕ ಬಸ್ಸು ಹತ್ತಿದಳು. ಫೋನಿನಲ್ಲಿ ಕೇಳಿ ತಿಳಿಯುವ ವಿಷಯವಲ್ಲ ಅದು; ಸಾರ್ ಫೋನ್ ಮಾಡುವ ಮೊದಲೇ ಅವನೆದುರು ಕೂತು ಉತ್ತರ ತಿಳಿದುಕೊಂಡರೆ ಕೆಲಸ ಉಳಿದೀತು. ಗೊತ್ತಿದ್ದೂ ಹೇಳದೆ ಹೋದ ಆ ಮಹಾನುಭಾವನನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದಳು. ಬೈದು ಮುಗಿಯುವುದರೊಳಗೆ ಹರಿಹರ ಬಂದುಬಿಟ್ಟಿತು.

ಅವನ ವಿಳಾಸ ಬಸ್ ನಿಲ್ದಾಣದ ಹಿಂದಿನ ಝೆರಾಕ್ಸ್ ಅಂಗಡಿಯದು. ಫರ್ದೀನ್ ಯಾರದೋ ರೇಷನ್ ಕಾರ್ಡನ್ನು ಮಷೀನಿನೊಳಗೆ ಮಲಗಿಸುತ್ತಿದ್ದ.

"ಕ್ವಿಂಬೋದಾಗೆ ಪ್ರಶ್ನೆ ಕೇಳಿದ್ದ ಫರ್ದೀನ್ ನೀವೇ ಏನ್ರಿ?"

ಅವನ ಮುಖ ಬಿಳಿಚಿತು. "ಯಾಕ್ರಿ, ಕ್ವಿಂಬೋ ಕಂಪನಿಯೋರಾ?"

"ಅಲ್ರಿ, ನಾನು ನಯನಾ, ದಾವಣಗೆರೆಯಿಂದ ಬಂದೀನಿ. ತಾರೀಖು ಒಂದಿನ ಹಿಂದಕ್ಕೆ ಹೋಗೋದನ್ನ ಹೆಂಗೆ ಸರಿ ಮಾಡಿದ್ರಿ? ಅದೊಂದು ಹೇಳಿಬಿಡ್ರಿ, ನಿಮಗೆ ಪುಣ್ಯ ಬರ್ತೈತೆ."

"ಸರಿ ಎಲ್ಲಿ ಆತ್ರಿ? ನಮ್ಮ ಮಾವನ ಶಾಮಿಯಾನ ಅಂಗಡಿ ವೆಬ್‌ಸೈಟ್ ಅದು. ಕೊನೀಗೆ ಕ್ಯಾಲೆಂಡರನ್ನೇ ಕಿತ್ತಾಕಿ, 'ಫೋನ್ ಮಾಡಿ' ಅಂತ ಬರ್ದೆ."

"ಮತ್ತೆ ಸರಿಹೋಯ್ತು ಅಂದಿದ್ರಿ? ಧನ್ಯವಾದ ಬೇರೆ! ಯಾರಿಗ್ರಿ ಅದು?"

ಫರ್ದೀನ್ ತಲೆ ಕೆರೆದುಕೊಂಡ. "ಹನ್ನೊಂದು ದಿನ ಕಾದೆ ಮೇಡಂ. ಒಬ್ರೂ ಏನಪ್ಪಾ ಅನ್ಲಿಲ್ಲ. ಹಂಗಂತ ಹೇಳ್ದೆ ಕೇಳ್ದೆ ಎದ್ದು ಬರಾಕಾಗ್ತೈತೇನ್ರಿ? ಯಾರ ಮನೀಗೆ ಹೋದ್ರೂ ಎದ್ದು ಬರುವಾಗ ಒಂದ್ ಮಾತು ಹೇಳಿ ಬರ್ತೀವಪ್ಪ."

ನಯನಾ ನಗುವುದೋ ಅಳುವುದೋ ಗೊತ್ತಾಗದೆ ಅಲ್ಲಿದ್ದ ಸ್ಟೂಲಿನ ಮೇಲೆ ಧೊಪ್ಪನೆ ಕುಳಿತಳು. ಕಡೆಗೆ ಅಳುವೇ ಮೊದಲು ಬಂತು. "ನಿಮ್ಮ ಆ ಒಂದ್ ಮಾತಿಗೆ ನನ್ನ ಕೆಲ್ಸ ಹೋಗ್ತೈತ್ರಿ," ಎಂದು ನಾಗಭೂಷಣ್ ಹೇಳಿದ್ದನ್ನೆಲ್ಲ ಅವನ ಮುಂದೆ ಸುರಿದಳು. ಅಷ್ಟರಲ್ಲಿ ಫರ್ದೀನನ ಫೋನು ಬಡಿದುಕೊಂಡಿತು. ಕೈಯಲ್ಲಿ ರೇಷನ್ ಕಾರ್ಡಿದ್ದುದರಿಂದ ಅವನು ಸ್ಪೀಕರ್ ಒತ್ತಿದ.

"ಫರ್ದೀನ್ ಅವ್ರಾ? ದಾವಣಗೆರೆಯಿಂದ ನಾಗಭೂಷಣ್ ಅಂತ. ಕ್ವಿಂಬೋದಾಗೆ ತಾರೀಖು ಸರಿ ಮಾಡ್ದೋರು ನೀವೇ ಅಲ್ಲೇನ್ರಿ? ನಮ್ಮಲ್ಲಿರೋ ಹುಡುಗಿ ಕೈಯಾಗೆ ಆಗವಲ್ದು. ಸೋಮವಾರದಿಂದ್ಲೇ ಬಂದು ಕೂಡ್ರಿ."

ಆ ದನಿ ಕೇಳಿದ್ದೇ ನಯನಾ ಸ್ಟೂಲಿನಿಂದ ಎದ್ದು ನಿಂತುಬಿಟ್ಟಳು. ಫರ್ದೀನ್ ಎರಡು ವರ್ಷದಿಂದ ಕಂಡಕಂಡ ಕಂಪನಿಗೆಲ್ಲ ಅರ್ಜಿ ಹಾಕಿ ಸುಸ್ತಾಗಿದ್ದವನು. ಕೆಲಸ ತಾನಾಗಿಯೇ ಫೋನ್ ಮಾಡಿದ್ದು ಇದೇ ಮೊದಲು. ಅವನು ಫೋನನ್ನೊಮ್ಮೆ ನೋಡಿದ, ದುಪಟ್ಟಾದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ನಯನಾಳನ್ನೊಮ್ಮೆ ನೋಡಿದ.

"ನಂದು ಸರಿ ಆಗಿರ್ಲೇ ಇಲ್ಲ ಸಾರ್," ಎಂದ. "ಈಗ ನಿಮ್ಮೂರಿಂದ ನಯನಾ ಅಂತ ಒಬ್ರು ಮೇಡಂ ಬಂದು, ಕುಂತು, ಅರ್ಧ ತಾಸಿನಾಗೆ ಸರಿ ಮಾಡಿಕೊಟ್ರು. ಭಾರಿ ಶಾಣ್ಯಾರು. ಸಿಕ್ರೆ ಬಿಡಬ್ಯಾಡ್ರಿ ಸಾರ್."

ಆ ಕಡೆಯಿಂದ ನಾಗಭೂಷಣ್ ದನಿ ಏರಿಸಿದರು. "ನಯನಾ? ಅವಳಿಗೆ ತಲೆನೋವಲ್ಲೇನ್ರಿ?"

"ಹೌದಂತೆ ಸಾರ್. ಅದಕ್ಕೇ ಅರ್ಧ ತಾಸು ಹಿಡೀತು," ಎಂದು ಫರ್ದೀನ್ ಫೋನ್ ಇಟ್ಟ.

"ಅಯ್ಯೋ, ಎಂಥಾ ಸುಳ್ಳು ಹೇಳಿಬಿಟ್ರಿ!" ನಯನಾ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. "ಸೋಮವಾರ ನನ್ನ ಗತಿ ಏನ್ರಿ?"

ಫರ್ದೀನ್ ಮಷೀನು ಆರಿಸಿ ಶಟರನ್ನು ಅರ್ಧಕ್ಕೆ ಎಳೆದ. ಕೌಂಟರಿನ ಮೇಲಿದ್ದ ಕಾಗದಗಳನ್ನೆಲ್ಲ ಅತ್ತ ಸರಿಸಿ ಜಾಗ ಮಾಡಿದ.

"ಸುಳ್ಳು ಯಾಕಾಗ್ತೈತ್ರಿ? ಸೋಮವಾರಕ್ಕೆ ಇನ್ನಾ ಮೂರು ದಿನ ಐತಲ್ಲ. ತೆಗೀರಿ ಲ್ಯಾಪ್‌ಟಾಪು."