ನಾಲ್ಕೇ ತಿಂಗಳ ಕ್ಲಚ್ ಪ್ಲೇಟು

“ಇದು ನನ್ನ ಗಾಡಿಯದೇ ಅನ್ನೋದಕ್ಕೆ ಏನ್ರೀ ಗ್ಯಾರಂಟಿ?” ಎಂದ ಹಾರ್ನ್ ಮಾಮ, ಫೋರ್‌ಮನ್ ಕೌಂಟರಿನ ಮೇಲಿಟ್ಟ ಸುಟ್ಟ ಕ್ಲಚ್ ಪ್ಲೇಟನ್ನು ಬೆರಳ ತುದಿಯಿಂದ ತಳ್ಳುತ್ತ. ಡೀಸೆಲ್ ವ್ಯಾನಿನಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಅವನಿಗೆ ಆ ಹೆಸರಿಟ್ಟವರು ಮಕ್ಕಳೇ. ಅನುಮಾನ ಅವನ ಹುಟ್ಟುಗುಣ. ತರಕಾರಿ ಕೊಳ್ಳುವಾಗಲೂ ತಕ್ಕಡಿಯ ತಳವನ್ನು ಒಮ್ಮೆ ತಡವಿ ನೋಡುವ ಆಸಾಮಿ. ಅಂಥವನು ವ್ಯಾನ್ ಡೀಲರಿನ ಸರ್ವಿಸ್ ಸೆಂಟರಿನ ತಂಪು ಕೋಣೆಯಲ್ಲಿ ನೆಮ್ಮದಿಯಾಗಿ ಕೂರುತ್ತಾನೆಯೇ? ಪುಕ್ಕಟೆ ಚಹಾ ತಂದುಕೊಟ್ಟಾಗಲೇ ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ತೀರ್ಮಾನಿಸಿದ್ದ.

“ಬೆಳಿಗ್ಗೆ ನಿಮ್ಮೆದುರಿಗೇ ಬಿಚ್ಚಿದ್ದಲ್ವಾ ಸಾರ್? ಗಾಜಿಗೆ ಮೂಗು ಒತ್ತಿಕೊಂಡು ನೋಡ್ತಾ ನಿಂತಿದ್ರಿ.”

“ನೋಡ್ತಾನೇ ಇದ್ದೆ. ನಡುವೆ ಹದಿನೈದು ನಿಮಿಷ ಪರದೆ ಎಳೆದ್ರಲ್ಲ, ಅದು ಯಾಕೆ?”

“ಬಿಸಿಲು ಬರ್ತಿತ್ತು ಸಾರ್.”

“ನನಗೂ ಗೊತ್ತು ಬಿಸಿಲು ಅಂದ್ರೇನು ಅಂತ. ಹಳೇ ಪ್ಲೇಟು ಮೂರು ವರ್ಷ ಬಂತು. ನೀವು ಹಾಕಿದ್ದು ನಾಲ್ಕೇ ತಿಂಗಳಿಗೆ ಕೈ ಕೊಡ್ತು. ಡೂಪ್ಲಿಕೇಟ್ ಹಾಕಿದೀರಿ. ಒಪ್ಪಿಕೊಂಡುಬಿಡಿ, ಇಬ್ಬರಿಗೂ ಕೆಲಸ ಇದೆ.”

ಫೋರ್‌ಮನ್ ಪ್ಲೇಟನ್ನು ಬೆಳಕಿಗೆ ಹಿಡಿದ. ಇಂಥವರನ್ನು ದಿನಕ್ಕೆ ಹತ್ತು ಜನರನ್ನು ಕಂಡವನ ತಾಳ್ಮೆ ಅವನದು. “ಪ್ಲೇಟು ಕಂಪನಿಯದೇ. ಇಲ್ಲಿ ನೋಡಿ, ಕಬ್ಬಿಣ ನೀಲಿಗಟ್ಟಿದೆ. ಕ್ಲಚ್ ಮೇಲಿಂದ ಕಾಲೇ ತೆಗೆಯದೆ ಓಡಿಸಿದ್ರೆ ಹೀಗಾಗೋದು. ಇದು ಗಾಡಿ ಕಲಿಯೋರ ಕೆಲಸ. ಹೊಸದು ಹಾಕಿ ಆಗಿದೆ ಸಾರ್. ಈ ಫಾರಂನಲ್ಲಿ ಕಾರಣ ಅನ್ನೋ ಜಾಗ ಒಂದು ಖಾಲಿ ಇದೆ. ಓಡಿಸಿದವರ ತಪ್ಪು ಅಂತ ಬರೀತೀನಿ, ಸಹಿ ಹಾಕಿ. ಒಂದು ಸುತ್ತು ಓಡಿಸಿ ನೋಡಿ, ತಗೊಂಡು ಹೋಗಿ.”

ಹಾರ್ನ್ ಮಾಮನಿಗೆ ಪಿತ್ತ ನೆತ್ತಿಗೇರಿತು. ಆ ಫಾರಮಿನ ಒಂದು ಪ್ರತಿ ಶಾಲೆಗೆ ಹೋಗಬೇಕು. ಯಾವ ರಿಪೇರಿಯಾದರೂ ಕಾಗದ ತೋರಿಸಬೇಕೆಂಬುದು ಅಲ್ಲಿಯ ಕಟ್ಟಪ್ಪಣೆ. ‘ಓಡಿಸಿದವರ ತಪ್ಪು’ ಎಂಬ ಎರಡು ಮಾತು ಹೆಡ್‌ಮಿಸ್ಸಿನ ಕಣ್ಣಿಗೆ ಬಿದ್ದರೆ ಸೋಮವಾರ ಶಾಲೆಯ ಗೇಟಿನಲ್ಲಿ ಬೇರೆ ವ್ಯಾನು ನಿಂತಿರುತ್ತದೆ. ಇಪ್ಪತ್ತಾರು ವರ್ಷದ ಹೆಸರು ಮಣ್ಣುಪಾಲು.

“ಕಲಿಯೋರಂತೆ! ನಾನು ಸ್ಟೇರಿಂಗ್ ಹಿಡಿದಾಗ ನೀನು ಅಂಬೆಗಾಲಿಡ್ತಿದ್ದೆ ಕಣಯ್ಯಾ,” ಎಂದು ಮೇಜು ಕುಟ್ಟಿದ. “ಈ ಗಾಡಿನ ನನ್ನ ಬಿಟ್ಟು ಇನ್ನೊಬ್ಬ ಮುಟ್ಟಲ್ಲ. ಕೀ ನನ್ನ ದಿಂಬಿನ ಕೆಳಗೇ ಇರುತ್ತೆ.” ಹೇಳುತ್ತಿದ್ದಂತೆಯೇ ಹೊಸ ಅನುಮಾನವೊಂದು ತಲೆಗೆ ಹೊಕ್ಕಿತು. ಮೂಲೆಯ ಕುರ್ಚಿಯಲ್ಲಿ ಬೆಳಗಿನಿಂದ ಒಂದೇ ಪತ್ರಿಕೆ ತಿರುವುತ್ತ ಕೂತಿದ್ದ ಹೆಂಡತಿಯ ಕಡೆ ಗಕ್ಕನೆ ತಿರುಗಿದ. “ನಿನ್ನ ತಮ್ಮ ಭಾನುವಾರ ಭಾನುವಾರ ಬರ್ತಾನಲ್ಲ. ಅವನೇನಾದ್ರೂ ಗಾಡಿ ತಗೊಂಡು ಹೋಗಿದ್ನಾ?”

ಅವಳು ಪತ್ರಿಕೆ ಮಡಿಸಿಟ್ಟಳು. “ಅವನಲ್ಲ. ನಾನು.”

ಫೋರ್‌ಮನ್ ಗಂಡ ಹೆಂಡಿರ ನಡುವೆ ಯಾಕೆ ಎಂಬಂತೆ ಫಾರಮಿನ ಮೇಲೆ ಬಗ್ಗಿಕೊಂಡ. ಕಿವಿ ಮಾತ್ರ ಇಲ್ಲಿಯೇ ಇತ್ತು.

“ಮಧ್ಯಾಹ್ನ ಊಟ ಮಾಡಿ ಗೊರಕೆ ಹೊಡೀತಿರ್ತೀರಲ್ಲ, ಆಗ ದಿಂಬಿನ ಕೆಳಗಿಂದ ಕೀ ತಗೋತಿದ್ದೆ. ಹಿಂದಿನ ಮೈದಾನದಲ್ಲಿ ತಮ್ಮ ಪಕ್ಕದಲ್ಲಿ ಕೂತು ಹೇಳಿಕೊಡ್ತಿದ್ದ. ಐದು ತಿಂಗಳಾಯ್ತು. ಲೈಸೆನ್ಸೂ ಬಂದಿದೆ.”

“ಅಂದ್ರೆ ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಮನೆಯಲ್ಲೇ ಮಸಲತ್ತು ನಡೀತಿತ್ತು! ಯಾರು ನಿನ್ನ ತಲೆ ಕೆಡಿಸಿದ್ದು?”

“ಯಾರೂ ಕೆಡಿಸಿಲ್ಲ ರೀ.” ಅವಳ ಧ್ವನಿ ತಗ್ಗಿತು. “ನಿಮಗೆ ಎಡಗಣ್ಣು ಕಾಣಿಸ್ತಿಲ್ಲ. ಎಡಗಡೆ ನೀರಿನ ಲೋಟ ಇಟ್ಟರೆ ಮೇಜೆಲ್ಲ ತಡಕ್ತೀರಿ. ಗಾಡಿ ಬಿಡಿ ಅಂದ್ರೆ ಬಿಡೋ ಪೈಕಿ ನೀವಲ್ಲ. ನಾನು ಕಲಿತುಬಿಟ್ಟರೆ ಸೀಟು ಬಿಟ್ಟುಕೊಡಬಹುದೇನೋ ಅಂತ…”

ಹಾರ್ನ್ ಮಾಮನಿಗೆ ಹೆದರಿಕೆಯಾಯಿತು. ಹೆದರಿದಾಗ ಅವನ ಗಂಟಲು ಇನ್ನೂ ದೊಡ್ಡದಾಗುತ್ತಿತ್ತು. “ಕಾಣದೆ ಇದ್ರೆ ಇವತ್ತಿನವರೆಗೂ ಒಂದು ಗೀರಾದ್ರೂ ಬೀಳಬೇಕಿತ್ತಲ್ಲ ಗಾಡಿಗೆ? ಬಿದ್ದಿದೆಯಾ? ಹೋಗಿ ನೋಡ್ಕೊಂಡು ಬಾ!”

“ಎಲ್ಲಿ ಬೀಳುತ್ತೆ? ಎಡಗಡೆ ಏನು ಬಂದ್ರೂ ಮೊದಲು ಕೂಗಿದವರಿಗೆ ಪೆಪ್ಪರ್‌ಮಿಂಟು ಅಂತ ಆಟ ಹೂಡಿದೀರಲ್ಲ ಮಕ್ಕಳ ಹತ್ರ.” ಅವಳ ಕಣ್ಣು ತುಂಬಿ ಬಂದಿತ್ತು. “ಪಕ್ಕದ ಮನೆ ಮಗು ಕುಣೀತಾ ಬಂದು ಹೇಳ್ತು. ‘ಆಂಟಿ, ಇವತ್ತು ನನಗೆ ಎರಡು ಸಿಕ್ತು. ಒಂದು ಸ್ಕೂಟರು, ಒಂದು ಅಜ್ಜಿ’ ಅಂತ.”

ಹಾರ್ನ್ ಮಾಮ ಫಾರಂ ತನ್ನ ಕಡೆಗೆ ಎಳೆದುಕೊಂಡು, ಓದದೆಯೇ ಸಹಿ ಹಾಕಿದ. ಜೀವಮಾನದಲ್ಲಿ ಅವನು ಓದದೆ ಸಹಿ ಹಾಕಿದ ಮೊದಲ ಕಾಗದ ಅದು. “ಕೀ ಕೊಡಿ,” ಎಂದು ಕೈ ಚಾಚಿದ. “ಒಂದು ಸುತ್ತು ಓಡಿಸಿ ನೋಡ್ತೀನಿ.”

ಕೀಲಿ ಕೊಡಲೆಂದು ಮುಂದೆ ಬಂದಿದ್ದ ಫೋರ್‌ಮನ್ನನ ಕೈ ಅಲ್ಲೇ ನಿಂತಿತು. ಅವನು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಕೀಲಿಯ ಮೇಲೆ ಮುಷ್ಟಿ ಮುಚ್ಚಿದ.

“ಸಾರ್,” ಎಂದ, “ಈ ಗಾಡೀಲಿ ಎಷ್ಟು ಮಕ್ಕಳು ಬರ್ತಾರೆ?”