ಆಪಾ ಓದಿದ ಕಾಗದ

ಸ್ಟ್ಯಾಂಪ್ ಪ್ಯಾಡಿನ ಮಸಿಯ ವಾಸನೆ ಬಂದರೆ ಈಗಲೂ ಶ್ರೀನಿವಾಸಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಬ್ಬಾ ತೀರಿಕೊಂಡ ವರ್ಷ. ನಮ್ಮ ಮಾವಿನ ತೋಪನ್ನು ಗುತ್ತಿಗೆಗೆ ಕೇಳಿದ್ದ ವ್ಯಾಪಾರಿ ಕರಾರುಪತ್ರ ತಂದಿದ್ದರು. ಅಬ್ಬಾನ ತಾಯಿ, ನಮ್ಮ ದಾದಿ, ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಿದ್ದರು. ಅಷ್ಟರಲ್ಲಿ ಕೋಲಾರದ ಕಾಲೇಜಿನಿಂದ ಆಪಾ ಬಂದಳು. ಅಕ್ಕನ ಓದು ಇನ್ನು ಸಾಕು ಎಂದು ದಾದಿ ದಿನವೂ ಗೊಣಗುತ್ತಿದ್ದ ಕಾಲವದು. ಆಪಾ ಬುರ್ಖಾ ಕೂಡ ತೆಗೆಯದೆ ಕಾಗದ ಓದಿದಳು.

"ಒಂದು ಫಸಲಿಗೆ ಅಂತ ಮಾತಾಡಿದ್ರಿ. ಇದ್ರಲ್ಲಿ ಐದು ವರ್ಷ ಅಂತಿದೆ."

"ಹೆಣ್ಮಕ್ಕಳಿಗೆ ಇದೆಲ್ಲ ಯಾಕಮ್ಮಾ?"

"ತೋಪು ನಮ್ದಲ್ವಾ ಅಣ್ಣಾ, ಅದಕ್ಕೆ."

ವ್ಯಾಪಾರಿ ಕಾಗದ ಮಡಚಿಕೊಂಡು, ತಿದ್ದಿಸಿ ತರುತ್ತೇನೆಂದು ಎದ್ದರು. ದಾದಿ ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡರು.

"ಬೇಟಿ, ನಾಳೆ ಬಸ್ಸು ಎಷ್ಟೊತ್ತಿಗೆ? ನಾನೇ ಎಬ್ಬಿಸ್ತೀನಿ," ಎಂದರು.